ತಿರುವೋಣದಿಂದ ಗ್ರಹಣದವರೆಗೆ: ಪರಶ್ಶಿನಿಕಡವಿನಲ್ಲಿ ಒಂದು ವಾಟರ್ ಪಾರ್ಕ್ ರಜೆ

ಶುಕ್ರವಾರ

ಕಾಸರಗೋಡಿನ ಕನ್ನಡ ಶಾಲೆಗಳಿಗೆ ಓಣಂ ರಜೆ ಉಂಟು. ಪುತ್ತೂರು, ಸುಳ್ಯದ ನೆಂಟರ ಮಕ್ಕಳಿಗೆ ಆಗ ಶಾಲೆ. ಅವರಿಗೆ ದಸರಾ ರಜೆ ಬಂದಾಗ ನಮ್ಮವರಿಗೆ ಶಾಲೆ. ಕ್ರಿಸ್‌ಮಸ್ ರಜೆಯದ್ದೂ ಇದೇ ಕತೆ. ಎಲ್ಲ ಮಕ್ಕಳೂ ಒಟ್ಟಿಗೆ ಸೇರಬೇಕಾದರೆ ಏಪ್ರಿಲ್, ಮೇ ಬರಬೇಕು. ಹಾಗಾಗಿ ಓಣಂ ರಜೆಯಲ್ಲಿ ನಮ್ಮ ಮನೆಯ ಇಬ್ಬರೂ ಅಂಗಳದಲ್ಲಿ ಮಳೆ ನೋಡುತ್ತಾ, ನಡುನಡುವೆ ಜಗಳ ಮಾಡುತ್ತಾ ಕಾಲ ಕಳೆಯುತ್ತಾರೆ. 2025ರ ಓಣಂ ಪರೀಕ್ಷೆ ಮುಗಿದ ದಿನವೇ ಮಗ ಘೋಷಿಸಿದ: "ಈ ಸಲ ವಾಟರ್ ಪಾರ್ಕಿಗೆ ಹೋಗದೆ ಇದ್ದರೆ ನಾನು ಸೋಮವಾರ ಶಾಲೆಗೆ ಹೋಗುವುದಿಲ್ಲ."

ಬದಿಯಡ್ಕದವರಾದ ನಮಗೆ ಎಲ್ಲದಕ್ಕೂ ಮಂಗಳೂರು. ಬಟ್ಟೆಗೆ, ಆಸ್ಪತ್ರೆಗೆ, ಮದುವೆಯ ಚಿನ್ನಕ್ಕೆ. ತೆಂಕು ದಿಕ್ಕಿಗೆ ಕಾರು ತಿರುಗುವುದೇ ಅಪರೂಪ. ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವಿನಲ್ಲಿ 'ವಿಸ್ಮಯ' ಎಂಬ ಪಾರ್ಕ್ ಇದೆ ಎಂದು ಕಂಡುಹಿಡಿದವಳು ಮಗಳು. ನೂರು ಕಿಲೋಮೀಟರಿನ ಹತ್ತಿರ ದಾರಿ. "ನೀರಿನಲ್ಲಿ ಜಾರುವುದಕ್ಕೆ ನಾನು ಎಂತಕ್ಕೆ?" ಎಂದರು ಅತ್ತೆ. ಅಲ್ಲೇ ಪಕ್ಕದಲ್ಲಿ ಮುತ್ತಪ್ಪ ದೈವದ ಕ್ಷೇತ್ರ ಉಂಟು ಎಂದು ಗೊತ್ತಾದ ಮೇಲೆ ಚೀಲ ತುಂಬಿಸಿಕೊಂಡರು. ಒಂದೇ ಷರತ್ತು. ಸೆಪ್ಟೆಂಬರ್ 7ರ ಭಾನುವಾರ ರಾತ್ರಿ ಖಗ್ರಾಸ ಚಂದ್ರಗ್ರಹಣ. ಕತ್ತಲಾಗುವ ಮೊದಲು ಮನೆ ಮುಟ್ಟಬೇಕು, ಮಧ್ಯಾಹ್ನ ಒಂದು ಗಂಟೆಯ ಮೇಲೆ ಅವರು ಏನೂ ತಿನ್ನುವುದಿಲ್ಲ.

ಬೆಳಿಗ್ಗೆ ಸಣ್ಣ ಮಳೆಯಲ್ಲೇ ಹೊರಟೆವು. ಎಡನೀರು ಮಠದ ಹತ್ತಿರ ಅತ್ತೆ ಕಾರಿನೊಳಗಿಂದಲೇ ಕೈ ಮುಗಿದರು. ಇವರು, ನಮ್ಮ ಯಜಮಾನರು, ಮಕ್ಕಳಿಗೆ ಇದೇ ಮಠದ ಸ್ವಾಮಿಗಳು ಹೂಡಿದ ಕೇಶವಾನಂದ ಭಾರತಿ ಮೊಕದ್ದಮೆ, 1973ರ ತೀರ್ಪು, ಸಂವಿಧಾನದ ಮೂಲ ರಚನೆ ಎಂದು ಪಾಠ ಶುರು ಮಾಡಿದರು. ಚೆರ್ಕಳ ಬರುವಷ್ಟರಲ್ಲಿ ಮಗನಿಗೆ ನಿದ್ದೆ.

ಚೆರ್ಕಳದಿಂದ ರಾಷ್ಟ್ರೀಯ ಹೆದ್ದಾರಿ 66. ಆರು ಪಥದ ಕೆಲಸ ನಡೆಯುತ್ತಿರುವ ಈ ರಸ್ತೆಯಲ್ಲಿ ಹಳೆಯ ಗುರುತುಗಳನ್ನು ನಂಬಿದರೆ ಕೆಟ್ಟೆವು. ಆಲದ ಮರ ಇದ್ದಲ್ಲಿ ಗೋಡೆ, ಚಹಾದಂಗಡಿ ಇದ್ದಲ್ಲಿ ಅಂಡರ್‌ಪಾಸ್. ಸ್ವಲ್ಪ ದೂರ ಹೊಸ ರಸ್ತೆಯಲ್ಲಿ ನುಣ್ಣಗೆ ಹೋಗುತ್ತೇವೆ, ಆಮೇಲೆ ಇದ್ದಕ್ಕಿದ್ದಂತೆ ಬಾಣದ ಗುರುತು ತೋರಿಸಿ ಹೊಂಡ ತುಂಬಿದ ಸರ್ವಿಸ್ ರಸ್ತೆಗೆ ಇಳಿಸುತ್ತಾರೆ. ತಪ್ಪಿ ಎದುರು ಬದಿಗೆ ಹೋಗಬೇಕಾದರೆ ಮುಂದಿನ ಅಂಡರ್‌ಪಾಸ್ ತನಕ ಓಡಬೇಕು. ಡೀಸೆಲ್, ಶೌಚಾಲಯ ಎಲ್ಲ ಚೆರ್ಕಳದಲ್ಲೇ ಮುಗಿಸಿಕೊಂಡರೆ ಒಳ್ಳೆಯದು.

ತೆಕ್ಕಿಲ್ ಸೇತುವೆಯ ಕೆಳಗೆ ಚಂದ್ರಗಿರಿ ಹೊಳೆ ಕೆಂಪಾಗಿ ಹರಿಯುತ್ತಿತ್ತು. ಆ ವರ್ಷ ಓಣಂನ ಮುಖ್ಯ ದಿನವಾದ ತಿರುವೋಣ ಮತ್ತು ಪ್ರವಾದಿಯ ಜನ್ಮದಿನವಾದ ನಬಿದಿನ ಒಂದೇ ದಿನ ಬಂದಿದ್ದವು. ಒಂದು ಊರಿನಲ್ಲಿ ಹಸಿರು ಬಾವುಟದ ತೋರಣ, ಬಿಳಿ ಟೋಪಿ ಹಾಕಿದ ಮಕ್ಕಳ ಮೆರವಣಿಗೆ. ಮುಂದಿನ ಊರಿನಲ್ಲಿ ಕ್ಲಬ್ಬಿನ ಎದುರು ಹೂವಿನ ರಂಗೋಲಿ ಪೂಕ್ಕಳಂ, ಹಗ್ಗ ಜಗ್ಗಾಟ, ಮೈಕಿನಲ್ಲಿ ಒಬ್ಬನದ್ದೇ ಬೊಬ್ಬೆ. ಪೆರಿಯದ ಹತ್ತಿರ ಮೆರವಣಿಗೆಗೆ ದಾರಿ ಬಿಟ್ಟು ನಿಂತಾಗ ಒಬ್ಬ ಹುಡುಗ ಕಿಟಕಿಯೊಳಗೆ ಕೈ ಹಾಕಿ ಎಲ್ಲರಿಗೂ ಮಿಠಾಯಿ ಕೊಟ್ಟ. ಮಗನಿಗೆ ಎಚ್ಚರವಾಯಿತು.

ಚೆರುವತ್ತೂರಿನ ವೀರಮಲೆ ಕಂಡಾಗ ಕಾರಿನಲ್ಲಿ ಮಾತು ನಿಂತಿತು. ಹೆದ್ದಾರಿಗಾಗಿ ಗುಡ್ಡವನ್ನು ನೆಟ್ಟಗೆ ಕಡಿದಿದ್ದಾರೆ. ಆ ಜುಲೈಯಲ್ಲಿ ಇಲ್ಲಿ ಮಣ್ಣು ಕುಸಿದು ರಸ್ತೆಗೇ ಬಂದಿತ್ತು. ಕೆಂಪು ಮಣ್ಣಿನ ಗುಡ್ಡವನ್ನು ಹೀಗೆ ಕಡಿದರೆ ಮಳೆಗಾಲದಲ್ಲಿ ಏನಾಗುತ್ತದೆ ಎಂದು ತೋಟ ಮಾಡುವ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಜೋರು ಮಳೆ ಇರುವ ದಿನ ಈ ದಾರಿ ಹಿಡಿಯುವ ಮೊದಲು ಸುದ್ದಿ ನೋಡಿಕೊಳ್ಳಿ.

ಪಯ್ಯನ್ನೂರು ಮುಟ್ಟುವಾಗ ಎಲ್ಲರಿಗೂ ಹಸಿವು. ತಿರುವೋಣದ ದಿನ ಹೋಟೆಲಿನವರೂ ಮನೆಯಲ್ಲೇ ಊಟ ಮಾಡುತ್ತಾರೆ. ಒಂದರ ಹಿಂದೆ ಒಂದು ಶಟರು ಮುಚ್ಚಿತ್ತು. ಕೊನೆಗೆ ಒಂದು ಕಡೆ 'ಓಣಸದ್ಯ' ಎಂಬ ಬೋರ್ಡು. ಟೋಕನ್ ತೆಗೆದುಕೊಂಡು ಕುಳಿತೆವು. ಬಾಳೆ ಎಲೆ ಬಂತು. ಉಪ್ಪೇರಿ, ಶುಂಠಿ ಹುಳಿ, ಪಚ್ಚಡಿ, ಅವಿಯಲ್, ಓಲನ್ ಎಲ್ಲ ಬಂತು. ಅನ್ನಕ್ಕೆ ಪರಿಪ್ಪು, ಅಂದರೆ ಬೇಳೆ, ಸುರಿದು ತುಪ್ಪ ಹಾಕಿದರು. ಅತ್ತೆ ಇನ್ನೇನು ತುತ್ತು ಎತ್ತಬೇಕು, ಬಡಿಸುವ ಹುಡುಗ ಅಷ್ಟೇ ಭಕ್ತಿಯಿಂದ ಎಲೆಯ ಮೂಲೆಗೆ ಒಂದು ಹುರಿದ ಮೀನು ಇಟ್ಟ.

ಓಣಂ ಊಟ ಎಂದರೆ ಅಪ್ಪಟ ಸಸ್ಯಾಹಾರ ಅಂತ ನಾವು ತಿಳಿದದ್ದು ತೆಂಕು ಕೇರಳದ ಲೆಕ್ಕ. ಕಣ್ಣೂರು, ಕೋಯಿಕ್ಕೋಡಿನ ಕಡೆ ಓಣದ ಎಲೆಗೆ ಮೀನು, ಕೋಳಿ ಬರುವುದು ಸಹಜ. ಅತ್ತೆ ಕೈ ಎತ್ತಿ ಹಾಗೇ ಕುಳಿತರು. ಹುಡುಗ ಕಂಗಾಲು. ಮಾಲೀಕರು ಓಡಿ ಬಂದರು. ಬೇರೆ ಮೇಜು, ಬೇರೆ ಎಲೆ, ಎಲ್ಲ ಮೊದಲಿಂದ. "ಕರ್ನಾಟಕದವರಾ?" ಎಂದು ಕೇಳಿದರು. "ಅಲ್ಲ, ಕಾಸರಗೋಡು" ಎಂದರು ಇವರು. "ಅದು ಹೌದು, ಆದರೂ ಸ್ವಲ್ಪ ಕರ್ನಾಟಕವೇ ಅಲ್ವಾ" ಎಂದು ನಕ್ಕು ಎರಡನೇ ಪಾಯಸಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಮಂಗಳೂರಿಗೆ ಹೋದರೆ ನಮ್ಮನ್ನು ಕೇರಳದವರು ಅನ್ನುತ್ತಾರೆ. ಪಾಯಸವಂತೂ ಯಾರೂ ಕೊಟ್ಟದ್ದಿಲ್ಲ.

ಪರಿಯಾರಂ, ತಳಿಪರಂಬ ದಾಟಿ ಧರ್ಮಶಾಲದಲ್ಲಿ ಹೆದ್ದಾರಿ ಬಿಟ್ಟರೆ ಪರಶ್ಶಿನಿಕಡವು ಹತ್ತಿರ. ಫೋನಿನಲ್ಲಿ ಎರಡು ರೂಮು ಎಂದಿದ್ದ ಲಾಡ್ಜಿನವರು ಅಲ್ಲಿಗೆ ಹೋದಾಗ ಒಂದೇ ಕೊಟ್ಟರು. ಓಣಂ ರಶ್ಶಿನಲ್ಲಿ ಜಗಳ ಮಾಡಿ ಪ್ರಯೋಜನ ಇರಲಿಲ್ಲ. ಹೆಚ್ಚಿಗೆ ಎರಡು ಚಾಪೆ ಸಿಕ್ಕಿತು.

ಸಂಜೆ ಮೆಟ್ಟಿಲಿಳಿದು ಕ್ಷೇತ್ರಕ್ಕೆ ಹೋದೆವು. ವಳಪಟ್ಟಣಂ ಹೊಳೆಯ ದಡದಲ್ಲೇ ಇದೆ. ದಾರಿಯ ಎರಡೂ ಬದಿ ಅಂಗಡಿಗಳು. ಆಟದ ಸಾಮಾನು, ಬಳೆ, ಹಲ್ವ. ಬಾಗಿಲಿನಲ್ಲಿ ಎರಡು ನಾಯಿಗಳ ಮೂರ್ತಿ, ಒಳಗೆ ಜೀವಂತ ನಾಯಿಗಳು. ಜನರ ಕಾಲಿನ ನಡುವೆ ನಡೆಯುತ್ತವೆ, ಬೇಕಾದಲ್ಲಿ ಮಲಗುತ್ತವೆ. ಯಾರೂ ಛೀ ಎನ್ನುವುದಿಲ್ಲ. ಮುತ್ತಪ್ಪ ಬೇಟೆಗೆ ಹೋಗುವಾಗ ಜೊತೆಗಿದ್ದದ್ದು ನಾಯಿ. ಮಗ ಆ ಹೊತ್ತಿನಿಂದ ವಾಟರ್ ಪಾರ್ಕಿನ ಸುದ್ದಿ ಬಿಟ್ಟು ನಾಯಿಗಳ ಹಿಂದೆ ಬಿದ್ದ.

ದೈವದ ವೇಷ ಕಟ್ಟಿ ಕುಣಿಯುವ ತೆಯ್ಯಂ ಇಲ್ಲಿ ವರ್ಷಕ್ಕೊಮ್ಮೆ ಅಲ್ಲ, ಹೆಚ್ಚುಕಡಿಮೆ ದಿನಾ. ಸಂಜೆ ನಾವು ನೋಡಿದ್ದು ವೆಳ್ಳಾಟಂ ಎಂಬ ಕುಣಿತ. ಬೆಳಗಿನ ಜಾವ ತಿರುವಪ್ಪನ ಎಂಬ ಇನ್ನೊಂದು ಕುಣಿತವೂ ಇರುತ್ತದೆ. ಚೆಂಡೆ ಹತ್ತಿರದಿಂದ ಕೇಳಿದ್ದೇ ಅತ್ತೆ ಮುಂದೆ ಮುಂದೆ ಸರಿದರು. ಕಳ್ಳು, ಒಣಮೀನು ಇಡುವ ದೈವ ಎಂದು ಗೊತ್ತಿತ್ತು. ಮಧ್ಯಾಹ್ನದ ಮೀನಿಗೆ ಕೈ ಎತ್ತಿದವರು ಇದಕ್ಕೆ ಏನೂ ಹೇಳಲಿಲ್ಲ. "ನಮ್ಮ ಭೂತಗಳಿಗೂ ಅವರವರ ಕ್ರಮ ಉಂಟಲ್ಲ" ಎಂದರು ಅಷ್ಟೇ.

ಕುಣಿತ ಮುಗಿದ ಮೇಲೆ ಮುತ್ತಪ್ಪ ಜನರ ಕೈ ಹಿಡಿದು ಮಾತಾಡುತ್ತಾನೆ. ಸಾಲಿನಲ್ಲಿ ಯಾರೂ ನಿಲ್ಲಬಹುದು. ಜಾತಿ, ಮತ ಕೇಳುವುದಿಲ್ಲ. ನಮ್ಮ ಮುಂದೆ ಗಲ್ಫಿಗೆ ಹೊರಟ ಹುಡುಗ, ಅವನ ಮುಂದೆ ಮದುವೆಯಾಗದ ಮಗಳ ಅಪ್ಪ. ಅತ್ತೆಯ ಸರದಿ ಬಂದಾಗ ಅವರು ಮಕ್ಕಳ ವಿದ್ಯೆ, ಆರೋಗ್ಯ ಏನನ್ನೂ ಕೇಳಲಿಲ್ಲ. ಅಡಿಕೆ ತೋಟಕ್ಕೆ ಕೊಳೆರೋಗ ಬಂದದ್ದನ್ನು ಹೇಳಿದರು. ಎಷ್ಟು ಸಲ ಮದ್ದು ಬಿಟ್ಟದ್ದು, ಯಾವ ಮೂಲೆಯ ಮರದಿಂದ ಶುರುವಾದದ್ದು, ಎಲ್ಲ. ಮಗಳು ಪಕ್ಕದಲ್ಲಿ ನಿಂತು ಮಲಯಾಳದಲ್ಲಿ ಹೇಳಿದಳು. ಮುತ್ತಪ್ಪ ಪೂರ್ತಿ ಕೇಳಿದ. ಕೃಷಿ ಭವನದಲ್ಲೂ ಇಷ್ಟು ಹೊತ್ತು ಕೇಳಿದವರಿಲ್ಲ ಎಂದು ಅತ್ತೆ ರಾತ್ರಿ ಎರಡು ಸಲ ಹೇಳಿದರು.

ಪ್ರಸಾದಕ್ಕೆ ಬೇಯಿಸಿದ ಪಯರು ಕಾಳು, ತೆಂಗಿನಕಾಯಿ ಚೂರು, ಬಿಸಿ ಚಹಾ. ದೇವಸ್ಥಾನದಲ್ಲಿ ಚಹಾ ಕೊಡುವುದನ್ನು ಮೊದಲ ಸಲ ನೋಡಿದೆ. ಮಳೆಗಾಲದ ಸಂಜೆಗೆ ಇದಕ್ಕಿಂತ ಬುದ್ಧಿವಂತ ಪ್ರಸಾದ ಬೇರೆ ಇಲ್ಲ. ರಾತ್ರಿಯ ಊಟವೂ ಅಲ್ಲೇ ಆಯಿತು, ಅದಕ್ಕೂ ದುಡ್ಡಿಲ್ಲ. ತಿರುವೋಣದ ದಿನ ಈ ಕಡೆ ಬಂದು ಹೋಟೆಲು ಸಿಗದವರು ನೇರ ಇಲ್ಲಿಗೆ ಬರಬಹುದು.

ಶನಿವಾರ

ವಿಸ್ಮಯ ಒಂದು ಸಹಕಾರಿ ಸಂಘದ ಪಾರ್ಕು. 2008ರಲ್ಲಿ ಶುರುವಾಯಿತು. ಮುರಕಲ್ಲಿನ ಗುಡ್ಡದಲ್ಲಿ ನೀರೆಲ್ಲಿಂದ ಎಂದು ನಮ್ಮ ಕಡೆಯವರು ಮೊದಲು ಕೇಳುತ್ತಾರೆ. ಇಲ್ಲಿ ಮಳೆನೀರನ್ನು ದೊಡ್ಡ ಕೊಳದಲ್ಲಿ ಹಿಡಿದಿಟ್ಟು ಬಳಸುತ್ತಾರೆ. ಇವರಿಗೆ ಜಾರುಬಂಡೆಗಿಂತ ಆ ಕೊಳದ ಮೇಲೆಯೇ ಆಸಕ್ತಿ. ನಮ್ಮ ತೋಟದ ಮದಕ, ಅಂದರೆ ಕೆರೆ, ಬೇಸಿಗೆಯಲ್ಲಿ ಬತ್ತುತ್ತದೆ, ಅದರ ಚಿಂತೆ.

ತೆರೆಯುವ ಹೊತ್ತಿಗೇ ಹೋದರೂ ಟಿಕೆಟಿಗೆ ಉದ್ದ ಸಾಲು. ಓಣದ ಮರುದಿನ, ಅದೂ ಶನಿವಾರ, ಇಡೀ ಮಲಬಾರು ಅಲ್ಲಿತ್ತು. ಅತ್ತೆಯನ್ನು ಒಂದು ಕಟ್ಟೆಯ ಮೇಲೆ ಕೂರಿಸಿ ನಾವು ಸಾಲಿನಲ್ಲಿ ನಿಂತೆವು. ತಿರುಗಿ ನೋಡಿದರೆ ಅವರ ಪಕ್ಕ ಒಬ್ಬರು ಉಮ್ಮ, ವಯಸ್ಸಾದ ಮುಸ್ಲಿಂ ಹೆಂಗಸು, ಕೂತಿದ್ದಾರೆ, ಇಬ್ಬರದ್ದೂ ಜೋರು ಮಾತು. ಅವರು ಮಾಟೂಲಿನವರು. ಮೊಮ್ಮಕ್ಕಳು ದುಬೈಯಿಂದ ಬಂದಿದ್ದಾರೆ. ಚೀಲದಿಂದ ಡಬ್ಬಿ ತೆಗೆದು ಉನ್ನಕ್ಕಾಯ ಎಂಬ ಬಾಳೆಹಣ್ಣಿನ ತಿಂಡಿ ಕೊಟ್ಟರು. ಅತ್ತೆ ಮೊಟ್ಟೆ ಉಂಟಾ ಎಂದು ಕೇಳಿದರು. ಉಮ್ಮ ಹೌದೆಂದು ನಕ್ಕು ಅದನ್ನು ಒಳಗಿಟ್ಟರು. ಇನ್ನೊಂದು ಡಬ್ಬಿಯಿಂದ ಬೆಲ್ಲ ಹಚ್ಚಿದ ನೇಂದ್ರ ಬಾಳೆಯ ಶರ್ಕರ ಉಪ್ಪೇರಿ ಕೈ ತುಂಬ ಸುರಿದರು. ಪಕ್ಕದ ಮನೆಯ ಹಿಂದೂಗಳು ಓಣಕ್ಕೆ ಕೊಟ್ಟದ್ದಂತೆ. ಅತ್ತೆಯ ಮಲಯಾಳ ಅಡಿಕೆ ಕೊಯ್ಯಲು ಬರುವವರ ಜೊತೆ ಮಾತಾಡಿ ಕಲಿತದ್ದು. ಅದರಲ್ಲಿ ಕೂಲಿಯ ಲೆಕ್ಕ, ಮಳೆಯ ಸುದ್ದಿ ಜಾಸ್ತಿ. ಇಬ್ಬರಿಗೂ ಏನೂ ತೊಂದರೆ ಆಗಲಿಲ್ಲ.

ಒಳಗೆ ಹೋದ ಮೇಲೆ ಮೊದಲ ಕೆಲಸ ಬಟ್ಟೆ. ಕೊಳಕ್ಕಿಳಿಯಲು ನೈಲಾನ್ ಬಟ್ಟೆ ಬೇಕು. ಹತ್ತಿಯ ಚೂಡಿದಾರ್, ಜೀನ್ಸ್ ನೀರು ಕುಡಿದು ಭಾರವಾಗುತ್ತವೆ, ನೂಲು ಬಿಟ್ಟು ನೀರು ಕೆಡಿಸುತ್ತವೆ. ಮನೆಯಿಂದಲೇ ತಂದರೆ ಬಾಡಿಗೆಯೂ ಉಳಿಯುತ್ತದೆ, ಅಳತೆಯ ತಲೆಬಿಸಿಯೂ ಇಲ್ಲ. ಇವರಿಗೆ ಅಲ್ಲಿ ಸಿಕ್ಕಿದ ಚಡ್ಡಿ ಎಷ್ಟು ಸಡಿಲ ಇತ್ತೆಂದರೆ ಇಡೀ ದಿನ ಒಂದು ಕೈ ಸೊಂಟದಲ್ಲೇ.

ಅಲೆಗಳ ಕೊಳದ ಬಗ್ಗೆ ನನಗೆ ಜಾಸ್ತಿ ನಂಬಿಕೆ ಇರಲಿಲ್ಲ. ಸಮುದ್ರ ಹತ್ತಿರವೇ ಇರುವಾಗ ಸಿಮೆಂಟಿನ ಅಲೆಗೆ ದುಡ್ಡು ಕೊಡುವುದೇ? ಆದರೆ ಮಳೆಗಾಲದಲ್ಲಿ ನಮ್ಮ ಕಡಲಿಗೆ ಇಳಿಯುವ ಹಾಗಿಲ್ಲ. ಸೈರನ್ ಆದದ್ದೇ ನೂರಾರು ಜನ ಒಟ್ಟಿಗೆ ಕೂಗುತ್ತಾರೆ, ಅಲೆ ಏಳುತ್ತದೆ. ಮಗ ಹೆದರಿ ನನ್ನ ಕುತ್ತಿಗೆ ಹಿಡಿದ. ಎರಡನೇ ಸಲ ಕೈ ಬಿಟ್ಟ. ಮೂರನೇ ಸಲ ನನ್ನ ಪರಿಚಯವೇ ಇಲ್ಲದವನಂತೆ ಮುಂದೆ ಓಡಿದ. ಮಗಳು ಎತ್ತರದ ಜಾರುಬಂಡೆಗೆ ಹೋಗಿ ಮೇಲೆ ನಿಂತು ಕೆಳಗೆ ನೋಡಿದಳು. ಹಿಂದೆ ಇದ್ದ ತಲಶ್ಶೇರಿಯ ಕಾಲೇಜು ಹುಡುಗಿಯರು "ಕಣ್ಣು ಮುಚ್ಚು, ಉಳಿದದ್ದು ನೀರು ನೋಡಿಕೊಳ್ಳುತ್ತದೆ" ಎಂದರಂತೆ. ಇಳಿದವಳೇ ಪುನಃ ಮೆಟ್ಟಿಲು ಹತ್ತಿದಳು. ಮಧ್ಯಾಹ್ನದವರೆಗೆ ಅವಳು ನಮ್ಮ ಲೆಕ್ಕಕ್ಕೇ ಸಿಗಲಿಲ್ಲ.

ಊಟದ ಹೊತ್ತಿಗೆ ಗಾಳಿ ಮಳೆ ಜೋರಾಗಿ ಎತ್ತರದ ಆಟಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಿದರು. ಒದ್ದೆಯಾಗಲೆಂದೇ ಬಂದವರು ಮಳೆ ಬಂದದ್ದೇ ಮಾಡಿನ ಕೆಳಗೆ ಓಡಿದ್ದು ನೋಡಿ ಅತ್ತೆಗೆ ನಗು ತಡೆಯಲಿಲ್ಲ. ಚಳಿಗೆ ಮಕ್ಕಳ ತುಟಿ ನೀಲಿಯಾಯಿತು. ಮಳೆಗಾಲದಲ್ಲಿ ಹೋಗುವವರು ಒಣ ಬೈರಾಸ (ಟವೆಲ್) ಒಂದಲ್ಲ, ತಲೆಗೆರಡರಂತೆ ಇಟ್ಟುಕೊಳ್ಳಿ. ಅದೇ ಹೊತ್ತಿನಲ್ಲಿ ಇವರ ಒಂದು ಚಪ್ಪಲಿ ಕಾಣೆಯಾಯಿತು. ಒಂದೇ ಚಪ್ಪಲಿಯನ್ನು ಯಾರು ಏಕೆ ಒಯ್ಯುತ್ತಾರೆ ಎಂದು ಮನೆಯಲ್ಲಿ ಇವತ್ತಿಗೂ ಚರ್ಚೆ ನಡೆಯುತ್ತದೆ. ಮಗನ ಪ್ರಕಾರ ಅದು ಮುತ್ತಪ್ಪನ ನಾಯಿಯದ್ದೇ ಕೆಲಸ.

ಸಂಜೆ ಬರಿಗಾಲಿನ ಯಜಮಾನರಿಗೆ ಕ್ಷೇತ್ರದ ದಾರಿಯಲ್ಲಿ ಹೊಸ ಚಪ್ಪಲಿ ತೆಗೆದು, ಹಾಗೇ ದೋಣಿ ಕಟ್ಟೆಗೆ ಹೋದೆವು. ಇಲ್ಲಿಂದ ಮಾಟೂಲಿನ ಕಡೆ ಸರ್ಕಾರಿ ಬೋಟು ಹೋಗುತ್ತದೆ. ನಾವು ಹೋದಾಗ ಅವತ್ತಿನದ್ದು ಮುಗಿದಿತ್ತು. ಹಗ್ಗ ಸುತ್ತುತ್ತಿದ್ದ ಹಿರಿಯರೊಬ್ಬರು ನಮ್ಮ ಊರು ವಿಚಾರಿಸಿದರು. ಹೊಳೆಯ ನೀರು ಯಾಕೆ ಇಷ್ಟು ಕೆಂಪು ಎಂದು ಮಗಳು ಕೇಳಿದಳು. "ಇದು ನಿಮ್ಮ ಕೊಡಗಿನ ಮಣ್ಣು" ಎಂದರು. ನಿಜವೇ. ವಳಪಟ್ಟಣಂ ಹೊಳೆ ಹುಟ್ಟುವುದು ಕೊಡಗಿನ ಬ್ರಹ್ಮಗಿರಿ ಬೆಟ್ಟದಲ್ಲಿ. ಅಲ್ಲಿಂದ 110 ಕಿಲೋಮೀಟರ್ ಹರಿದು ಕಡಲು ಸೇರುತ್ತದೆ. ಇಲ್ಲಿ ಮೋಡವೇ ಇಲ್ಲದ ದಿನವೂ ನೀರಿನ ಬಣ್ಣ ನೋಡಿ ಮೇಲೆ ಮಳೆ ಬಂತೆಂದು ತಿಳಿಯುತ್ತದಂತೆ.

ಭಾನುವಾರ

ಬೆಳಿಗ್ಗೆಯೇ ಅತ್ತೆ ಗಡಿಯಾರ ನೋಡಲು ಶುರು ಮಾಡಿದರು. ಹಾವಿನ ಪಾರ್ಕ್ ನೋಡಿಯೇ ಹೋಗುವುದೆಂದು ಮಕ್ಕಳು ಹಟ ಹಿಡಿದರು. 1982ರಲ್ಲಿ ಶುರುವಾದ ಜಾಗ. 1993ರಲ್ಲಿ ರಾಜಕೀಯ ಗಲಾಟೆಯಲ್ಲಿ ಇದಕ್ಕೆ ಬೆಂಕಿ ಹಚ್ಚಿದ್ದರು, ಪ್ರಾಣಿಗಳು ಸತ್ತವು. ಪಕ್ಷದ ಜಗಳಕ್ಕೆ ಹಾವು ಏನು ಮಾಡಿತ್ತು?

ಮಕ್ಕಳು ಬೋರ್ಡು ಓದುವ ಮೊದಲೇ ಅತ್ತೆ ಹೆಸರು ಹೇಳುತ್ತಿದ್ದರು. ಇದು ಕನ್ನಡಿ ಹಾವು, ಅಡಿಕೆ ಸಿಪ್ಪೆಯ ರಾಶಿಯಲ್ಲಿ ಇರುತ್ತದೆ. ಇದು ಕಡಂಬಳ, ರಾತ್ರಿ ತಿರುಗುತ್ತದೆ, ಕಚ್ಚಿದ್ದೇ ಗೊತ್ತಾಗುವುದಿಲ್ಲ. ಇದು ಕೇರೆ, ಇದನ್ನು ಹೊಡೆಯಬಾರದು, ಇಲಿ ತಿನ್ನುತ್ತದೆ. ಹಿಂದೆ ಎರಡು ಬೇರೆ ಕುಟುಂಬದ ಮಕ್ಕಳೂ ಸೇರಿಕೊಂಡರು. ಕಾಳಿಂಗದ ಗಾಜಿನ ಎದುರು ಮಾತ್ರ ಅವರೂ ಸುಮ್ನೆ ನಿಂತರು. ಅದು ಎದ್ದು ನೋಡಿತು. ಅತ್ತೆ ಕೈ ಮುಗಿದರು. ಹತ್ತು ಗಂಟೆಯಾಗಿತ್ತು.

ಬಂದ ದಾರಿ ಬಿಟ್ಟು ಪಳಯಂಗಾಡಿಯ ಮೇಲೆ ವಾಪಸಾದೆವು. ಇದು ನನ್ನ ಹಟ. ಮಾಡಾಯಿಪಾರೆ ಎಂಬ ಕಲ್ಲುಗುಡ್ಡ ಓಣಂ ತಿಂಗಳಲ್ಲಿ ನೀಲಿಯಾಗುತ್ತದೆ ಎಂದು ಕೇಳಿದ್ದೆ. ಹತ್ತಿದರೆ ಮೇಲೆ ಚಪ್ಪಟೆ, ನಮ್ಮ ಕಡೆ ಪದವು ಎನ್ನುವ ಬಯಲುಗುಡ್ಡದಂತೆಯೇ ಮುರಕಲ್ಲು. ಆದರೆ ಆ ಕಲ್ಲಿನ ಮೇಲೆ ಒಂದು ಗೇಣು ಎತ್ತರದಲ್ಲಿ ಕಣ್ಣು ಮುಟ್ಟುವವರೆಗೆ ನೀಲಿ ಹೂ. ಕಾಕ್ಕಪ್ಪೂವು ಎನ್ನುತ್ತಾರೆ. ನೋಡಲು ಪಾಪ, ಬುಡದ ಹತ್ತಿರ ಮಣ್ಣಿನೊಳಗಿನ ಸಣ್ಣ ಚೀಲಗಳಲ್ಲಿ ಕಣ್ಣಿಗೆ ಕಾಣದಂಥ ಜೀವಿಗಳನ್ನು ಹಿಡಿದು ತಿನ್ನುವ ಗಿಡ. ಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಸಾರ ಕಡಿಮೆ, ಅದಕ್ಕೇ ಈ ಉಪಾಯ. ನಡುವೆ ಬಿಳಿ ಹುಲ್ಲು ಹೂ, ಹೊಂಡಗಳಲ್ಲಿ ತಿಳಿ ನೀರು, ವಾಯವ್ಯಕ್ಕೆ ಏಳಿಮಲೆ ಗುಡ್ಡ. ಗಾಳಿ ಎಷ್ಟು ಇತ್ತೆಂದರೆ ಕೊಡೆ ತೆರೆಯುವ ಹಾಗಿರಲಿಲ್ಲ.

ಮಗಳು ಚಪ್ಪಲಿ ಕಳಚಿ ನಡೆದಳು. ನೀವೂ ಹಾಗೆ ಮಾಡಿ. ಕಾಲುದಾರಿ ಬಿಟ್ಟು ಹೂವಿನ ನಡುವೆ ಮಾತ್ರ ಕಾಲಿಡಬೇಡಿ. ಫೋಟೋಕ್ಕಾಗಿ ಹೂವಿನ ಮೇಲೆ ಮಲಗಿದ ಒಂದು ಜೋಡಿಯನ್ನು ದನ ಮೇಯಿಸುವ ಅಜ್ಜಿಯೊಬ್ಬರು ಬೈದು ಎಬ್ಬಿಸಿದರು. ನನಗೆ ಖುಷಿಯಾಯಿತು. ನಮ್ಮ ಕಡೆಯ ಪದವುಗಳಲ್ಲೂ ಈ ಹೂ ಉಂಟು. ಉಳಿದ ಜಾಗ ಕಡಿಮೆ, ಅಷ್ಟೇ. ಬಾಕಿ ಎಲ್ಲ ಕಲ್ಲಿನ ಕೋರೆ. ಕಡಿದು ಕಡಿದು ಲಾರಿಗೆ ತುಂಬಿಸಿದೆವು. ನಮ್ಮ ಮನೆಯ ಗೋಡೆಯೂ ಅದೇ ಕಲ್ಲು, ಯಾರಿಗೆ ಹೇಳುವುದು?

ಹನ್ನೆರಡೂವರೆಗೆ ಪಯ್ಯನ್ನೂರು. ಊಟ ಬಿಡಬೇಕಾದ ಹೊತ್ತು, ಗ್ರಹಣದ ವೇಧ, ಒಂದು ಗಂಟೆಗೆ ಹಿಡಿಯುತ್ತದೆ ಎಂದು ಅತ್ತೆಯ ಪಂಚಾಂಗ. ಊಟ ಬೇಗ ಬರಲಿ ಎಂದು ಕಾರಣ ಹೇಳಿದೆವು. ಬಡಿಸುವವರು ನಕ್ಕು, ತಮ್ಮ ಅಮ್ಮನೂ ಇದೇ ಎಂದು ಅತ್ತೆಗೆ ಮೊದಲು ಅನ್ನ ತಂದರು. ಒಂದಕ್ಕೆ ಐದು ನಿಮಿಷ ಇರುವಾಗ ಮಜ್ಜಿಗೆ ಮುಗಿಯಿತು. ಕಾರಿನಲ್ಲಿ ಮಕ್ಕಳು ಚಿಪ್ಸ್ ಪ್ಯಾಕೆಟು ಒಡೆದಾಗ ಅತ್ತೆ ಕಿಟಕಿಯ ಕಡೆ ತಿರುಗಿ ಕೂತರು. ಮಕ್ಕಳಿಗೆ ರಿಯಾಯಿತಿ ಉಂಟಂತೆ, ವಾಸನೆಗೆ ಇಲ್ಲ.

ರಜೆಯ ಕೊನೆಯ ದಿನ, ಹೆದ್ದಾರಿ ತುಂಬ ಕಾರು. ನೀಲೇಶ್ವರದಲ್ಲಿ ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ಅತ್ತೆಯ ಜಪ ಜೋರಾಯಿತು. ಇವರು ರಾತ್ರಿ ಒಂಬತ್ತೂಮುಕ್ಕಾಲು ದಾಟಿದ ಮೇಲಷ್ಟೇ ಗ್ರಹಣ ಎಂದು ಸಮಾಧಾನ ಹೇಳಿದರು. ಪ್ರಯೋಜನವಾಗಲಿಲ್ಲ. ಮನೆ ಮುಟ್ಟುವಾಗ ಸಂಜೆ ನಾಲ್ಕೂವರೆ, ಬೆಳಕು ಚೆನ್ನಾಗಿಯೇ ಇತ್ತು. ಅತ್ತೆ ಚೀಲ ಇಳಿಸುವ ಮೊದಲು ಸ್ನಾನಕ್ಕೆ ಹೋದರು.

ನಾನು ಉಗ್ರಾಣದಲ್ಲಿ ಉಪ್ಪಿನಕಾಯಿ ಭರಣಿಗೆ, ಹಪ್ಪಳದ ಡಬ್ಬಿಗೆ ದರ್ಭೆ ಹಾಕೋಣ ಎಂದು ಹೋದೆ. ಎಲ್ಲದಕ್ಕೂ ಮೊದಲೇ ಹಾಕಿತ್ತು. ಕೇಳಿದಾಗ ಅತ್ತೆ ತಲೆ ಒರೆಸಿಕೊಳ್ಳುತ್ತಾ ಹೇಳಿದರು: "ಶುಕ್ರವಾರವೇ ಹಾಕಿ ಹೊರಟದ್ದು ಮಾರಾಯ್ತಿ. ನಿಮ್ಮ ಒಟ್ಟಿಗೆ ಹೋದರೆ ವಾಪಸು ಯಾವಾಗ ಅಂತ ಉಂಟಾ?"